ಗೇಣಿಗೊಂದು ಬೆರಳು

ಹೊದಿಕೆಯ ಎರಡು ಮೂಲೆ ಅತ್ತೆಯ ಕೈಯಲ್ಲಿದ್ದವು, ಉಳಿದೆರಡು ಸೊಸೆಯ ಕೈಯಲ್ಲಿ. ಒಮ್ಮೆ ಜಗ್ಗಿ ಸುಕ್ಕು ಬಿಡಿಸಿ, ಮೂಲೆಗೆ ಮೂಲೆ ಕೂಡಿಸಿ, ಇಬ್ಬರೂ ಎರಡೆರಡು ಹೆಜ್ಜೆ ಮುಂದೆ ಬಂದು ಮುಖಾಮುಖಿಯಾದಾಗ ಸೊಸೆ ಸುದ್ದಿ ಹೇಳಿದಳು.

"ಅತ್ತೆ, ಆಸ್ಪತ್ರೇಲಿ ನನ್ನನ್ನ ಲಾಂಡ್ರಿಯಿಂದ ಎತ್ತಿ ಕೌಂಟರಿಗೆ ಹಾಕಿದಾರೆ. ಮುಂದಿನ ತಿಂಗಳು ಒಂದನೇ ತಾರೀಕಿಂದ."

"ಕೌಂಟರ್ ಅಂದ್ರೆ ಕೂತು ಮಾಡೋ ಕೆಲಸಾನಾ?"

"ಹೂಂ. ಕುರ್ಚಿ ಕೊಡ್ತಾರೆ."

"ಒಂಬತ್ತು ವರ್ಷ ಬಿಸಿನೀರಿನ ಹಬೇಲಿ ಬೆಂದಿದೀಯ. ಈಗಲಾದ್ರೂ ಕುರ್ಚಿ ಸಿಕ್ತಲ್ಲ, ಸಂತೋಷ. ಸರಿಯಾಗಿ ಹಿಡಿ, ನಿನ್ನ ಕಡೆ ಅಂಚು ಜಾರ್ತಿದೆ."

ಸೊಸೆ ಅಂಚು ಎತ್ತಿ ಹಿಡಿದಳು. "ಕಪ್ಪು ಪ್ಯಾಂಟು, ಬಿಳಿ ಶರ್ಟು ನಾವೇ ತಗೋಬೇಕಂತೆ."

"ಮೆಷಿನ್ ಇದ್ದಿದ್ರೆ ಎರಡು ದಿನದಲ್ಲಿ ಹೊಲಿದು ಬಿಸಾಕ್ತಿದ್ದೆ."

"ಇಲ್ಲಿ ಯಾರು ಹೊಲಿಸ್ತಾರೆ ಅತ್ತೆ? ನಂಬರ್ ನೋಡೋದು, ತಗೊಂಡ್ ಬರೋದು."

"ನಂಬರ್ ನೋಡಿ ಬಸ್ ಹತ್ತಬಹುದಮ್ಮ. ಬಟ್ಟೆ ಹಾಕ್ಕೊಳ್ಳೋದು ಹೇಗೆ?"

ಸೊಸೆ ನಕ್ಕಳು, ಆದರೆ ನಗು ಪೂರ್ತಿ ಬರಲಿಲ್ಲ. ಮಡಿಸಿದ ಹೊದಿಕೆಯನ್ನು ಎದೆಗೆ ಅವಚಿಕೊಂಡು, "ನಿಮ್ಮ ದಿಂಬಿಗೆ ನಾನೇ ಚೀಲ ಹಾಕಿಟ್ಟಿದೀನಿ. ನೀವು ಮುಟ್ಟೋಕೆ ಹೋಗ್ಬೇಡಿ," ಎಂದು ಒಳಗೆ ನಡೆದಳು. ಯಾವತ್ತೂ ಇಲ್ಲದ ಉಪಚಾರ ಇವತ್ತೇಕೆ ಎಂದು ಅತ್ತೆಗೆ ಅನ್ನಿಸಿತು. ಕುರ್ಚಿ ಸಿಕ್ಕಿದ ಖುಷಿ ಇರಬೇಕು ಎಂದುಕೊಂಡಳು.

ಊರಿನಲ್ಲಿ ನಲವತ್ತು ವರ್ಷ ಎಲ್ಲರೂ ಅವಳನ್ನು ಟೈಲರಮ್ಮ ಎಂದೇ ಕರೆದದ್ದು. ಕಡಲು ದಾಟಿ ಮಗನ ಮನೆಗೆ ಬಂದಾಗ ಆ ಹೆಸರೂ ಸಾಮಾನಿನ ಜೊತೆ ಬಂತು. ಮಗ ಇಲ್ಲಿ ಪೇಟೆಯ ಬಸ್ಸು ಓಡಿಸುತ್ತಾನೆ. ಸೊಸೆ ಆಸ್ಪತ್ರೆಯಲ್ಲಿ. ಹದಿನಾರರ ಮೊಮ್ಮಗಳು ಮುದ್ದು ಬಂದಾಗ ಅಜ್ಜಿ ಎನ್ನುತ್ತಾಳೆ, ಜಗಳಕ್ಕೆ ಬಂದರೆ ಟೈಲರಮ್ಮ ಎನ್ನುತ್ತಾಳೆ. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಒಂದು ಕೋಣೆ ಅಜ್ಜಿ ಮೊಮ್ಮಗಳಿಗೆ. ಕೆಳಗಿನ ಮನೆಯವರಿಗೆ ಸದ್ದಿನ ಕಾಟವಾಗುತ್ತದೆಂದು ಹೊಲಿಗೆ ಮೆಷಿನ್ ತರಲಿಲ್ಲ. ಒಂದು ಕತ್ತರಿ, ಒಂದು ಸೂಜಿಡಬ್ಬಿ, ಅರ್ಧ ಉಂಡೆ ನೂಲು, ಅಷ್ಟೇ ಅವಳ ಆಸ್ತಿ.

ದಿಂಬಿನ ಚೀಲದೊಳಗೆ ಇನ್ನೊಂದು ಆಸ್ತಿಯಿತ್ತು. ಎರಡು ತಿಂಗಳ ಹಿಂದೆ ತಂಗಿಯ ಕಾಗದದ ಜೊತೆ ಬಂದ ನೂಲು.

ತಂಗಿಯನ್ನು ಅವಳು ಕರೆಯುವುದು ಪುಟ್ಟಿ ಎಂದು. ಹೆಸರಿಗೆ ಪುಟ್ಟಿ, ಆಳು ತೊಲೆ. ಅಕ್ಕ ಸ್ಟೂಲು ಹಾಕಿಕೊಂಡು ತೆಗೆಯುವ ಬಟ್ಟೆಯ ಥಾನನ್ನು ಪುಟ್ಟಿ ನೆಲದ ಮೇಲೆ ನಿಂತೇ ಕೈ ಚಾಚಿ ಇಳಿಸುತ್ತಿದ್ದಳು. ಇಬ್ಬರದೂ ಒಂದೇ ಅಂಗಡಿ, ಎರಡು ಮೆಷಿನ್ನು. ಅವರಿಗೆ ಕಸುಬು ಕಲಿಸಿದ ತಾಯಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಹಾಗಾಗಿ ಅವಳು ಅಳತೆಯನ್ನೆಲ್ಲ ನೂಲಿನಲ್ಲಿ ಗಂಟು ಹಾಕಿ ಇಡುತ್ತಿದ್ದಳು. ಒಂದು ತುದಿಗೆ ದಪ್ಪ ಗಂಟು. ಅಲ್ಲಿಂದ ಹಿಡಿದರೆ ಒಂಟಿ ಗಂಟಿನವರೆಗೆ ಭುಜದ ಅಗಲ, ಜೋಡಿ ಗಂಟಿನವರೆಗೆ ತೋಳಿನ ಉದ್ದ, ಮೂರು ಗಂಟಿನವರೆಗೆ ಸೊಂಟ, ಕಟ್ಟಕಡೆಗೆ ಎದೆ. ಗಿರಾಕಿಗೊಂದು ನೂಲು, ನೂಲಿಗೊಂದು ಮೊಳೆ. ಹೆಣ್ಣುಮಕ್ಕಳು ಅಂಕಿ ಕಲಿತ ಮೇಲೂ ಆ ಪದ್ಧತಿ ಬಿಡಲಿಲ್ಲ. ಟೇಪು ಸುಳ್ಳು ಹೇಳಬಹುದು, ನೂಲು ಹೇಳುವುದಿಲ್ಲ ಎಂಬುದು ತಾಯಿಯ ಮಾತು.

ಮೂರು ವರ್ಷದ ಹಿಂದೆ, ಶಾಲೆ ತೆರೆಯಲು ಒಂದು ವಾರವಿದ್ದಾಗ, ನಲವತ್ತು ಯೂನಿಫಾರಂ ಬಾಕಿ ಬಿದ್ದಿದ್ದಾಗ, ಮಗನ ಫೋನು ಬಂತು: ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಇವಳಿಗೆ ಪಾಳಿ ಬದಲಾಯಿತು, ಟಿಕೆಟ್ಟು ಕಳಿಸಿದ್ದೇನೆ, ಬಾ. ಟೈಲರಮ್ಮ ಹೊರಟಳು. ಪುಟ್ಟಿ ಕತ್ತರಿ ಕೆಳಗಿಡದೆ, ತಲೆ ಎತ್ತದೆ ಒಂದೇ ಮಾತು ಹೇಳಿದ್ದಳು: "ಹೋಗು, ರೆಡಿಮೇಡ್ ಹಾಕ್ಕೊಂಡೇ ಬದುಕು." ಟೈಲರ್ ಬಾಯಲ್ಲಿ ಇದಕ್ಕಿಂತ ದೊಡ್ಡ ಶಾಪವಿಲ್ಲ. ಆಮೇಲೆ ಮಾತಿಲ್ಲ, ಕಾಗದವಿಲ್ಲ. ಫೋನು ಮಾಡೋಣವೆಂದರೆ ಮೆಷಿನ್ನಿನ ಸದ್ದಿನಲ್ಲಿ ಪುಟ್ಟಿಯ ಕಿವಿ ಎಂದೋ ಹೋಗಿದೆ. ಕಿರುಚಿ ಹೇಳಿದರೆ ಸಮಾಧಾನದ ಮಾತೂ ಜಗಳದ ಹಾಗೆ ಕೇಳುತ್ತದೆ.

ಅಂಥ ಪುಟ್ಟಿ ಬರೆದಿದ್ದಳು: "ಅಕ್ಕನಿಗೆ. ಈ ಸಲ ಚಳಿ ಜೋರು. ಅಲ್ಲಿ ದಪ್ಪ ಕೋಟು ಚೆನ್ನಾಗಿ ಸಿಗುತ್ತದಂತೆ. ಒಂದು ಕಳಿಸು. ಅಳತೆ ಇಟ್ಟಿದ್ದೇನೆ."

ಎಂಥ ಕೋಟನ್ನಾದರೂ ತಾನೇ ಹೊಲಿಯಬಲ್ಲವಳು ರೆಡಿಮೇಡ್ ಕೇಳಿದ್ದಾಳೆಂದರೆ ಅದು ಕೋಟಿನ ಮಾತಲ್ಲ ಎಂದು ಟೈಲರಮ್ಮನಿಗೆ ತಿಳಿಯಿತು. ಉತ್ತರವನ್ನು ಕೋಟಿನ ಜೇಬಿನಲ್ಲೇ ಇಟ್ಟು ಕಳಿಸುವುದೆಂದು ನಿಶ್ಚಯಿಸಿದಳು. ಕೋಟು ಮೈಗೆ ಕೂಡಲೇಬೇಕು. ಸಡಿಲವಾದರೂ ಬಿಗಿಯಾದರೂ, ಅಕ್ಕ ನನ್ನ ಮೈಯನ್ನೇ ಮರೆತಳು ಎಂದು ಪುಟ್ಟಿ ಅಂದುಕೊಳ್ಳುತ್ತಾಳೆ. ಮತ್ತೆ ಹತ್ತು ವರ್ಷ ಬಾಯಿ ಬಿಡುವುದಿಲ್ಲ.

ಶನಿವಾರ ಅತ್ತೆ, ಸೊಸೆ, ಮೊಮ್ಮಗಳು ಮೂವರೂ ಮಗನ ಬಸ್ಸಿನಲ್ಲೇ ಪೇಟೆಗೆ ಹೋದರು. ಓಡಿಸುವಾಗ ಮಾತಾಡಬಾರದೆಂಬ ನಿಯಮವಿರುವುದರಿಂದ ಮಗ ಕನ್ನಡಿಯಲ್ಲೇ ಹುಬ್ಬು ಹಾರಿಸಿ ಕಳಿಸಿಕೊಟ್ಟ.

ಸೊಸೆಗೂ ಅಂಗಡಿ ಬಟ್ಟೆ ಹೊಸತೇ. ಒಂಬತ್ತು ವರ್ಷ ಆಸ್ಪತ್ರೆ ಕೊಟ್ಟ ಲಾಡಿ ಪೈಜಾಮದಲ್ಲಿ ಕಳೆದಿದ್ದಳು. ಮನೆಯಲ್ಲಿ ಉಡಲು, ಊರಿನಲ್ಲಿದ್ದಾಗ ಅತ್ತೆಯೇ ಹೊಲಿದು ಕಳಿಸಿದ್ದು ಇನ್ನೂ ನಡೆಯುತ್ತಿತ್ತು.

"ನನಗೆ ಮೂವತ್ತೆಂಟು ಬರತ್ತೆ. ಮೂವತ್ತೆಂಟು ಹುಡುಕು," ಎಂದು ಮಗಳಿಗೆ ಹೇಳಿದಳು.

"ಅದು ನಿಮ್ಮೂರ ಮೂವತ್ತೆಂಟು ಅಮ್ಮ. ಇಲ್ಲಿ ಹನ್ನೆರಡು, ಹದಿನಾಲ್ಕು, ಹದಿನಾರು ಹೀಗೆ."

"ಹದಿನಾಲ್ಕು ಏನು? ಅಂಗುಲಾನಾ, ವಯಸ್ಸಾ?"

"ಏನೂ ಅಲ್ಲ. ಸುಮ್ನೆ ಹದಿನಾಲ್ಕು."

"ಸುಮ್ಸುಮ್ನೆ ಯಾರಾದ್ರೂ ನಂಬರ್ ಹಾಕ್ತಾರೇನೆ?" ಎಂದಳು ಟೈಲರಮ್ಮ.

ಮೊದಲ ಅಂಗಡಿಯಲ್ಲಿ ಹದಿನಾಲ್ಕು ಸಡಿಲವಾಯಿತು. ಸೊಸೆಯ ಮುಖ ಅರಳಿತು. ಆದರೆ ಅಲ್ಲಿ ಕಪ್ಪು ಮುಗಿದಿತ್ತು. ಎದುರು ಅಂಗಡಿಯಲ್ಲಿ ಕಪ್ಪಿತ್ತು. ಅಲ್ಲಿಯ ಹದಿನಾಲ್ಕರ ಗುಂಡಿ ಕಾಜಾದ ಮುಖ ನೋಡಲಿಲ್ಲ. ಪರದೆಯಾಚೆ ನಿಂತಿದ್ದ ಅಂಗಡಿಯ ಹುಡುಗಿ ನಗುನಗುತ್ತ ಏನೋ ಕೇಳಿದಳು.

"ಹದಿನೆಂಟು ತರ್ಲಾ ಅಂತಿದಾಳೆ ಅಮ್ಮ."

"ಬೇಡ ಅನ್ನು. ನಾನೇನು ಆನೇನಾ? ಎದುರಂಗಡೀಲಿ ಹದಿನಾಲ್ಕೇ ಜಾರ್ತಿತ್ತು, ರಸ್ತೆ ದಾಟೋಷ್ಟರಲ್ಲಿ ಹದಿನೆಂಟಾದ್ನಾ?"

"ಒಂದೊಂದು ಕಂಪನಿದು ಒಂದೊಂದು ಥರ ಅಮ್ಮ. ಫೋನಲ್ಲಿ ಪಟ್ಟಿ ಇದೆ, ನೋಡು ಬೇಕಾದ್ರೆ."

"ಪಟ್ಟಿ ನೀನೇ ಉಟ್ಕೋ. ನಂಗೆ ಹದಿನಾರು ಕೊಡಿಸು."

ಉಸಿರು ಬಿಗಿಹಿಡಿದರೆ ಹದಿನಾರರ ಗುಂಡಿ ಕೂಡಿತು. ಹಾಕ್ತಾ ಹಾಕ್ತಾ ಬಿಡತ್ತೆ ಎಂದು ಸೊಸೆ ಅದನ್ನೇ ಕಟ್ಟಿಸಿಕೊಂಡಳು. ಟೈಲರಮ್ಮ ಸೊಂಟದ ಹೊಲಿಗೆಯನ್ನು ಒಮ್ಮೆ ಉಗುರಿನಲ್ಲಿ ಒತ್ತಿ ನೋಡಿದಳು.

ಕೋಟುಗಳು ಮೂರನೆಯ ಅಂಗಡಿಯ ಮಹಡಿಯಲ್ಲಿ. ಟೈಲರಮ್ಮ ಕೈಚೀಲದಿಂದ ನೂಲು ತೆಗೆದು, ಬೂದು ಬಣ್ಣದ ಒಂದು ಕೋಟನ್ನು ಮೇಜಿನ ಮೇಲೆ ಮಲಗಿಸಿ, ದಪ್ಪ ಗಂಟನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಅಳೆದಳು. ಒಳಗೊಂದು ಸ್ವೆಟರಿಗೆ ಜಾಗ ಬಿಟ್ಟು ನೋಡಿದರೂ ಎದೆ ದೊಡ್ಡದಾಯಿತು. ಅದಕ್ಕಿಂತ ಚಿಕ್ಕದು ತರಿಸಿದಳು. ಅದೂ ದೊಡ್ಡದು. ಇನ್ನೂ ಚಿಕ್ಕದು ಬಂತು. ಅದು ನೂಲಿಗೆ ಸರಿಹೋಯಿತು.

"ಸಿಕ್ತಲ್ಲ! ಹಾಕ್ಕೊಂಡು ನೋಡಜ್ಜಿ, ಹೇಗೆ ಬೀಳತ್ತೆ ಅಂತ ಗೊತ್ತಾಗತ್ತೆ," ಎಂದಳು ಮೊಮ್ಮಗಳು.

ಟೈಲರಮ್ಮ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಳು. ಹೇಳಿ ಹೊಲಿಸಿದ ಹಾಗಿತ್ತು. ಭುಜ ಭುಜಕ್ಕೆ ಕೂತಿತು, ತೋಳು ಮಣಿಕಟ್ಟಿಗೆ ನಿಂತಿತು.

"ಅಯ್ಯೋ ಎಷ್ಟು ಚೆನ್ನಾಗಿ ಕಾಣ್ತಿದೀಯ!"

ಟೈಲರಮ್ಮ ಕನ್ನಡಿಯನ್ನೊಮ್ಮೆ, ಮೇಜಿನ ಮೇಲಿದ್ದ ನೂಲನ್ನೊಮ್ಮೆ ನೋಡಿದಳು. ಪುಟ್ಟಿಯ ರವಿಕೆಯೊಳಗೆ ತಾನು ಮಗುವನ್ನೂ ಎತ್ತಿಕೊಂಡು ಹೊಗಬಹುದಿತ್ತು ಎಂದು ಊರೆಲ್ಲ ನಗುತ್ತಿತ್ತು. ತನಗೆ ಕೂಡಿದ ಕೋಟು ಪುಟ್ಟಿಗೂ ಕೂಡುವುದಾದರೆ ಪುಟ್ಟಿಯ ಮೈ ಎಲ್ಲಿ ಹೋಯಿತು?

"ಬೇಡ," ಎಂದು ಕೋಟು ಬಿಚ್ಚಿ ಕೊಟ್ಟಳು. "ಬಣ್ಣ ಚೆನ್ನಾಗಿಲ್ಲ."

ಆ ವಾರವೆಲ್ಲ ಊಟದ ಮೇಜಿನ ಮೇಲೆ ಎರಡು ತಟ್ಟೆ ಅರ್ಧಕ್ಕೇ ಎದ್ದವು. ಸೊಸೆ ರಾತ್ರಿ ಅನ್ನ ಬಿಟ್ಟಳು. ಎರಡು ಸೌತೆಕಾಯಿ ಹೋಳು, ಒಂದು ಲೋಟ ನೀರು. ಟೈಲರಮ್ಮ ಅನ್ನ ಕಲಸುತ್ತಿದ್ದಳು, ಬಾಯಿಗಿಡುತ್ತಿರಲಿಲ್ಲ.

ಬುಧವಾರ ಮಗ ಚಮಚ ಕೆಳಗಿಟ್ಟ. "ನಾನೇನು ಒಬ್ಬನೇ ಸತ್ರದಲ್ಲಿ ಉಣ್ತಿದೀನಾ? ಏನಾಗಿದೆ ಇಬ್ರಿಗೂ?"

"ನನಗೇನೂ ಆಗಿಲ್ಲ. ಹೊಟ್ಟೆ ತುಂಬಿದೆ," ಎಂದಳು ಸೊಸೆ.

"ಸೌತೆಕಾಯಿಗೆ ತುಂಬೋ ಹೊಟ್ಟೆನಾ ಅದು?"

"ಹೊಟ್ಟೆ ವಿಷ್ಯ ಎತ್ತಬೇಡ್ರೀ."

"ನಾನೇನಂದೆ ಈಗ? ನನ್ನ ಪ್ಯಾಂಟಿನ ನಂಬರ್ ಎಷ್ಟು ಅಂತ ನನಗೇ ಗೊತ್ತಿಲ್ಲ. ಡಿಪೋದಲ್ಲಿ ಕೊಟ್ಟಿದ್ದು ಹಾಕ್ಕೊಳ್ತೀನಿ."

"ಗೊತ್ತಾಗತ್ತೆ ಬಿಡಿ, ನೋಡಿದವರಿಗೆ," ಎಂದಳು ಸೊಸೆ. ಮೊಮ್ಮಗಳು ಕಿಸಕ್ಕನೆ ನಕ್ಕಳು. ಮಗ ತನ್ನ ಹೊಟ್ಟೆ ನೋಡಿಕೊಂಡು ತಾಯಿಯ ಕಡೆ ತಿರುಗಿದ.

"ನಿಂದೇನಮ್ಮ?"

"ಪುಟ್ಟಿ ಯೋಚನೆ ಕಣೋ. ನೂಲು ನೋಡಿದ್ರೆ ತುಂಬಾ ಬಡವಾಗಿದಾಳೆ ಅನ್ಸತ್ತೆ. ಐದು ಬೆರಳು ಇಳಿದಿದೆ ಎದೆ. ಕಾಯಿಲೆ ಇಲ್ದೆ ಹಾಗೆ ಇಳಿಯೋ ಜೀವ ಅಲ್ಲ ಅದು."

"ಕಾಗದ ಹಾಕಿ ಕೇಳಿಬಿಡು ಮತ್ತೆ."

"ಏನಂತ ಕೇಳ್ಲಿ? ಮೂರು ವರ್ಷ ಸುಮ್ಮನಿದ್ದು, ಈಗ ನೀನು ಸಾಯ್ತಿದೀಯಾ ಅಂತ ಕೇಳ್ಲಾ?"

ಸೊಸೆ ಎದ್ದು ತಟ್ಟೆ ತೊಳೆಯಲು ಹೋದಳು. ನಲ್ಲಿಯ ನೀರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಸುರಿಯಿತು.

ಕಾಗದ ಬರೆಯಲು ಟೈಲರಮ್ಮ ದಿನವೂ ಕೂರುತ್ತಿದ್ದಳು. ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ, ಕಿಟಕಿಯ ಬಳಿ. "ಪುಟ್ಟಿಗೆ ಅಕ್ಕನ ಆಶೀರ್ವಾದ. ನೀನು ಹೇಗಿದ್ದೀ" ಎಂಬಲ್ಲಿಗೆ ಪೆನ್ನು ನಿಲ್ಲುತ್ತಿತ್ತು. ಹೇಗಿದ್ದೀ ಎಂಬ ಮಾತನ್ನು ಜನ ದಾರಿಯಲ್ಲಿ ಹೋಗುತ್ತ ಆಡುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ಅದೇ ಮಾತು ಈಗ ಕಲ್ಲಿನಷ್ಟು ಭಾರವಾಗಿತ್ತು. ಹಾಳೆ ಮಡಿಸಿ ಸೂಜಿಡಬ್ಬಿಯ ಅಡಿಗೆ ಸೇರಿಸುತ್ತಿದ್ದಳು. ಆಲೂಗಡ್ಡೆ ಸಿಪ್ಪೆ ತೆಗೆಯುತ್ತ, ಮೊಮ್ಮಗಳ ಕಾಲುಚೀಲ ಜೋಡಿಸುತ್ತ ಮನಸ್ಸಿನಲ್ಲೇ ಮುಂದಿನ ಸಾಲು ಹುಡುಕುತ್ತಿದ್ದಳು. ಹೀಗೆ ಎರಡು ವಾರ ಕಳೆಯಿತು.

ಒಂದನೇ ತಾರೀಕು ಸೊಸೆ ಕೌಂಟರಿಗೆ ಹೋದಳು. ಸಂಜೆ ಮನೆಗೆ ಬಂದವಳು ಚಹಾದ ಲೋಟ ಹಿಡಿದುಕೊಂಡು ಕಿಟಕಿಗೆ ಒರಗಿ ನಿಂತೇ ಇದ್ದಳು.

"ಕೂತ್ಕೋ ಬಾಮ್ಮ."

"ಪರವಾಗಿಲ್ಲ ಅತ್ತೆ."

"ಅಲ್ಲಿ ಕುರ್ಚಿ ಕೊಟ್ರಾ?"

"ಕೊಟ್ರು."

"ಕೂತ್ಯಾ?"

ಸೊಸೆ ಶರ್ಟನ್ನು ಕೆಳಗೆ ಎಳೆದುಕೊಂಡಳು. ಟೈಲರಮ್ಮ ಎದ್ದು ಹೋಗಿ ಅವಳ ಶರ್ಟಿನ ಅಂಚು ಎತ್ತಿ ನೋಡಿದಳು. ಗುಂಡಿ ಬಿಚ್ಚಿತ್ತು, ಕಾಜಾಕ್ಕೆ ಒಂದು ಕೂದಲ ರಬ್ಬರು ತೂರಿಸಿ ಗುಂಡಿಗೆ ಸಿಕ್ಕಿಸಿದ್ದಳು. ಸೊಂಟದ ಮೇಲೆ ಹೊಲಿಗೆಯ ಗುರುತು ಕೆಂಪಗೆ ಅಚ್ಚೊತ್ತಿತ್ತು.

"ಕುರ್ಚಿ ಕೊಟ್ಟೂ ದಿನವೆಲ್ಲ ನಿಂತೇ ಇದ್ದೀಯಲ್ಲೇ ಹುಚ್ಚಿ!"

"ಕೂತ್ರೆ ಹರಿದೋಗತ್ತೆ ಅತ್ತೆ," ಎಂದಳು ಸೊಸೆ. ನಗಬೇಕೋ ಅಳಬೇಕೋ ತಿಳಿಯದ ಮುಖ.

"ಬಿಚ್ಚಿ ಕೊಡು ಇಲ್ಲಿ. ಪೈಜಾಮ ಹಾಕ್ಕೊಂಡು ಬಾ. ಆ ಪಾತ್ರೇಲಿ ಅನ್ನ ಇದೆ, ಬೇಳೆ ಇದೆ, ತಟ್ಟೆಗೆ ಹಾಕ್ಕೊಂಡು ಬಂದು ನನ್ನ ಮುಂದೆ ಕೂತು ತಿನ್ನು. ತಿಂದಷ್ಟು ಹೊತ್ತು ಮಾತ್ರ ಹೊಲೀತೀನಿ. ನೀನು ನಿಲ್ಲಿಸಿದ್ರೆ ನಾನೂ ಸೂಜಿ ಕೆಳಗಿಡ್ತೀನಿ."

ಸೊಸೆ ಉಣ್ಣತೊಡಗಿದಳು. ಟೈಲರಮ್ಮ ಹಿಂದಿನ ಹೊಲಿಗೆ ಬಿಚ್ಚಿದಳು, ಕಾಲಿನ ಮಡಿಕೆಯಿಂದ ಒಂದು ಮುಕ್ಕೋನದ ತುಂಡು ಕತ್ತರಿಸಿ ಸೊಂಟಕ್ಕೆ ಸೇರಿಸಿದಳು. ಶಾಲೆಯಿಂದ ಬಂದ ಮೊಮ್ಮಗಳು ಚೀಲ ಎಸೆದು ನೋಡುತ್ತ ಕೂತಳು.

"ಅಜ್ಜಿ, ಈಗ ಇದು ಹದಿನಾರಾ, ಹದಿನೆಂಟಾ?"

"ಈಗ ಇದು ನಿಮ್ಮಮ್ಮಂದು." ಟೈಲರಮ್ಮ ಒಳಗೆ ಹೋಗಿ ನೂಲಿನ ಉಂಡೆ ತಂದಳು. "ಉಂಡಾದ್ಮೇಲೆ ಎದ್ದು ನಿಲ್ಲಮ್ಮ. ನಿನಗೂ ಒಂದು ಅಳತೆ ಮಾಡಿಡ್ತೀನಿ. ಮುಂದಿನ ಸಲ ನಂಬರ್ ನೋಡಬೇಡ, ಇದನ್ನ ಇಟ್ಟು ನೋಡು."

ಗಂಟು ಹಾಕುವ ಬಗೆ ತೋರಿಸಲು ಪುಟ್ಟಿಯ ನೂಲನ್ನೂ ತಂದು ಮೇಜಿನ ಮೇಲೆ ಚಾಚಿದಳು. "ಇದು ಭುಜ. ಇದು ತೋಳು, ಜೋಡಿ ಗಂಟು. ಇದೊಂದು ಬದಲಾಗಲ್ಲ ನೋಡು. ಎದೆ ಸೊಂಟ ಏರತ್ತೆ, ಇಳಿಯತ್ತೆ. ಬೆಳೆದ ಹೆಂಗಸಿನ ತೋಳು ಸಾಯೋತನಕ ಅಷ್ಟೇ. ನಮ್ಮಮ್ಮ ಇದನ್ನ ಸತ್ಯದ ಗಂಟು ಅಂತಿದ್ಲು."

ಹೇಳುತ್ತ ಹೇಳುತ್ತ ದಪ್ಪ ಗಂಟನ್ನು ತನ್ನ ಭುಜದ ಮೂಳೆಗಿಟ್ಟು ನೂಲನ್ನು ತೋಳುದ್ದಕ್ಕೂ ಎಳೆದಳು. ಜೋಡಿ ಗಂಟು ಅವಳ ಮಣಿಕಟ್ಟಿಗೆ ಬಂದು ನಿಂತಿತು.

ಟೈಲರಮ್ಮ ನೂಲನ್ನು ಬಿಗಿಮಾಡಿಕೊಂಡಳು. ಮತ್ತೊಮ್ಮೆ ಎಳೆದಳು. ಅಲ್ಲಿಗೇ ನಿಂತಿತು.

"ಯಾಕಜ್ಜಿ?"

"ಪುಟ್ಟಿ ತೋಳು ನನ್ನದಕ್ಕಿಂತ ಮೂರು ಬೆರಳು ಉದ್ದ. ಥಾನು ಇಳಿಸೋ ಕೈ ಅದು. ಈ ಗಂಟು ಇಲ್ಲಿ, ನನ್ನ ಅಂಗೈ ನಡುವೆ ಬರಬೇಕು." ಕೈಯನ್ನು ಹಾಗೇ ಚಾಚಿಕೊಂಡು ಇಬ್ಬರನ್ನೂ ನೋಡಿದಳು. "ಕಾಯಿಲೆ ಬಿದ್ರೆ ಮೈ ಇಳಿಯತ್ತೆ, ಒಪ್ಪಿದೆ. ತೋಳು ಯಾಕೆ ಮೋಟಾಗತ್ತೆ?"

ಸೊಸೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟಳು.

"ಅತ್ತೆ," ಎಂದಳು. "ಬೈಬೇಡಿ."

"ಏನು?"

"ಆವತ್ತು ಹೊದಿಕೆ ಮಡಿಸಿದ್ವಲ್ಲ, ಅವತ್ತು ನಿಮ್ಮ ದಿಂಬಿನ ಚೀಲಾನೂ ಮೆಷಿನ್ನಿಗೆ ಹಾಕ್ಬಿಟ್ಟಿದ್ದೆ. ಒಳಗೆ ನೂಲಿರೋದು ನೋಡ್ಲಿಲ್ಲ. ಎಲ್ಲಾ ತೆಗೆದಾದ್ಮೇಲೆ ಅಡಿಯಲ್ಲಿ ಮುದ್ದೆಯಾಗಿ ಸಿಕ್ತು. ಬಿಸಿ ಪೈಪಿನ ಮೇಲೆ ಒಣಗಿಸಿ, ಹಾಗೇ ಒಳಗಿಟ್ಟೆ. ಗಂಟು ಒಂದೂ ಬಿಚ್ಚಿರ್ಲಿಲ್ಲ, ಏನೂ ಆಗಿಲ್ಲ ಅಂದ್ಕೊಂಡೆ."

"ಎಷ್ಟು ಬಿಸಿ ಇಟ್ಟಿದ್ದೆ?"

"ತೊಂಬತ್ತು ಡಿಗ್ರಿ." ಸೊಸೆ ತಲೆ ತಗ್ಗಿಸಿದಳು. "ಆಸ್ಪತ್ರೆ ಅಭ್ಯಾಸ."

"ಆವತ್ತು ಊಟಕ್ಕೆ ಕೂತಾಗ ನಾನು ಪುಟ್ಟಿಗೆ ಕಾಯಿಲೆ ಅಂದಾಗ ಯಾಕೆ ಹೇಳ್ಲಿಲ್ಲ?"

"ನೂಲು ಚಿಕ್ಕದಾಗತ್ತೆ ಅಂತ ಹೊಳೀಲೇ ಇಲ್ಲ ಅತ್ತೆ! ಒದ್ದೆ ಮಾಡಿದ್ದಕ್ಕೇ ಬೈತೀರಿ ಅಂತ ಭಯ. ನನ್ನ ಕಾರಣಕ್ಕೇ ನೀವು ಅವರನ್ನ ಬಿಟ್ಟು ಬಂದ್ರಿ, ಈಗ ಅವರು ಕಳಿಸಿದ್ದನ್ನೂ ಹಾಳು ಮಾಡ್ದೆ ಅಂತ..."

ಟೈಲರಮ್ಮ ಕುರ್ಚಿಯ ಮೇಲೆ ಕುಸಿದು ಕೂತಳು. ಸೆರಗು ಬಾಯಿಗಿಟ್ಟುಕೊಂಡಳು. ಅಳುತ್ತಿದ್ದಾಳೆಂದು ಮೊಮ್ಮಗಳು ಎದ್ದು ಬಂದಳು. ಅಳುವಲ್ಲ, ಭುಜ ಕುಣಿಯುವಂತೆ ನಗುತ್ತಿದ್ದಳು.

"ಲಾಂಡ್ರಿಯವಳನ್ನ ಸೊಸೆ ಮಾಡ್ಕೊಂಡು ಹತ್ತಿ ನೂಲನ್ನ ದಿಂಬಲ್ಲಿ ಇಟ್ಟೆನಲ್ಲ, ನನಗೆ ಬುದ್ಧಿ ಎಲ್ಲಿತ್ತು! ಪುಟ್ಟಿಗೇನೂ ಆಗಿಲ್ಲ ಕಣ್ರೇ! ಪುಟ್ಟಿ ದಪ್ಪಗೇ ಇದಾಳೆ! ಬಡವಾಗಿದ್ದು ಅವಳಲ್ಲ, ಅಳತೆ!"

"ಬೈಯಲ್ವಾ ಅತ್ತೆ?"

"ಬೈತೀನಿ, ಇರು. ಮೊದಲು ಆ ಅನ್ನ ಮುಗಿಸು."

ಆದರೆ ಎಷ್ಟು ಕುಗ್ಗಿತೆಂದು ತಿಳಿಯುವುದು ಹೇಗೆ? ಅಕ್ಕತಂಗಿಯರು ಒಂದೇ ಉಂಡೆಯ ನೂಲು ಹಂಚಿಕೊಂಡವರು. ಪುಟ್ಟಿ ಅಳತೆ ಕಳಿಸಿದ್ದು ಆ ಉಂಡೆಯ ತನ್ನರ್ಧದಲ್ಲೇ. ಭಾನುವಾರ ಟೈಲರಮ್ಮ ತನ್ನರ್ಧದಿಂದ ಹತ್ತು ಗೇಣು ಅಳೆದು, ಎರಡೂ ತುದಿಗೆ ಗಂಟು ಹಾಕಿ ಸೊಸೆಯ ಕೈಗೆ ಕೊಟ್ಟಳು. "ಅವತ್ತು ಏನು ಮಾಡಿದ್ಯೋ ಅದನ್ನೇ ಮಾಡು. ಒಂದು ಹನಿ ಹೆಚ್ಚುಕಮ್ಮಿ ಬೇಡ."

ಸೊಸೆ ಅದೇ ದಿಂಬಿನ ಚೀಲದಲ್ಲಿ ನೂಲಿಟ್ಟಳು, ಅವೇ ಹೊದಿಕೆಗಳನ್ನು ತುಂಬಿದಳು, ತೊಂಬತ್ತಕ್ಕೆ ತಿರುಗಿಸಿದಳು. ನಾಲ್ವರೂ ಕುರ್ಚಿ ಎಳೆದುಕೊಂಡು ಬಟ್ಟೆ ಒಗೆಯುವ ಮೆಷಿನ್ನಿನ ಗಾಜಿನ ಮುಂದೆ ಕೂತರು. ಮಗ ಕಡಲೆಕಾಯಿ ಬಟ್ಟಲು ತಂದ.

"ನೂಲು ಒಗೆಯೋದನ್ನ ನೋಡೋಕೆ ರಜಾ ದಿನ ಕೂತಿರೋ ಮನೆ ಈ ಬೀದೀಲಿ ಇದೊಂದೇ," ಎಂದ.

"ನಿಮ್ಮ ಪ್ಯಾಂಟೂ ಹಾಕಿದೀನಿ. ಕುಗ್ಗತ್ತೋ ಇಲ್ವೋ ನೋಡೋಣ," ಎಂದಳು ಸೊಸೆ.

"ಅಯ್ಯಯ್ಯೋ, ನಿಲ್ಸೇ!"

ಸಂಜೆಗೆ ಬಿಸಿ ಪೈಪಿನ ಮೇಲೆ ಒಣಗಿದ ನೂಲನ್ನು ಮೇಜಿನ ಮೇಲೆ ಚಾಚಿದರು. ಟೈಲರಮ್ಮ ಗೇಣು ಹಾಕಿದಳು. ಒಂಬತ್ತು ಗೇಣು, ಮೇಲೆ ಎರಡು ಬೆರಳು.

"ಹನ್ನೆರಡು ಬೆರಳಿಗೆ ಒಂದು ಗೇಣು. ಹತ್ತು ಬೆರಳು ಹೋಗಿದೆ. ಗೇಣಿಗೊಂದು ಬೆರಳು," ಎಂದಳು. "ತೋಳು ಮೂರು ಗೇಣಿನ ಹತ್ರ. ಮೂರು ಬೆರಳು ಕಮ್ಮಿ. ಸರಿಹೋಯ್ತಲ್ಲ!"

"ಆದ್ರೆ ಅಜ್ಜಿ, ಅದು ಒಗೆಯೋಕೆ ಮುಂಚಿನ ಗೇಣಿಗೆ. ಈಗ ಕುಗ್ಗಿರೋ ನೂಲಿಗೆ ಸೇರಿಸ್ಬೇಕಾದ್ರೆ ಹನ್ನೊಂದು ಬೆರಳಿಗೆ ಒಂದು ಹಾಕ್ಬೇಕು."

ಟೈಲರಮ್ಮ ಬೆರಳು ಮಡಿಸಿ ಎಣಿಸಿ ನೋಡಿದಳು. ಹೌದು. "ಇಷ್ಟು ಬುದ್ಧಿ ಇಟ್ಕೊಂಡು ಪರೀಕ್ಷೇಲಿ ಲೆಕ್ಕಕ್ಕೆ ಯಾಕೆ ಅಷ್ಟು ಕಮ್ಮಿ ಬರತ್ತೇ ನಿಂಗೆ?"

"ಅಲ್ಲಿ ನೂಲು ಕೊಡಲ್ಲ ಟೈಲರಮ್ಮ."

ಹೊಸ ನೂಲು ತಯಾರಾಯಿತು. ಜೋಡಿ ಗಂಟನ್ನು ತೋಳಿಗಿಟ್ಟು ನೋಡಿದರೆ ಸರಿಯಾಗಿ ಅಂಗೈ ನಡುವೆ ಬಂದು ಕೂತಿತು. ಅಲ್ಲೇ ಪುಟ್ಟಿ ಬಂದು ಕೈ ಹಿಡಿದ ಹಾಗಾಯಿತು ಟೈಲರಮ್ಮನಿಗೆ.

ಶನಿವಾರ ಮತ್ತೆ ಅದೇ ಮಹಡಿ. ಈ ಸಲ ಸೊಸೆಯೇ ಮುಂದೆ ನಡೆದಳು, ಕೂತು ಎದ್ದು ಮಾಡಿದರೂ ಏನೂ ಆಗದ ಕಪ್ಪು ಪ್ಯಾಂಟಿನಲ್ಲಿ. ಎದೆಗೆ ಸರಿಹೋದವುಗಳ ತೋಳು ಸಾಲಲಿಲ್ಲ. ತೋಳು ಸಾಲುವವುಗಳ ಭುಜ ಅಗಲವಾಯಿತು. ಕಡೆಗೆ ಕಡುನೀಲಿಯ ಒಂದು ಕೋಟಿನಲ್ಲಿ ತೋಳಿನ ಒಳಗೆ ಮೂರು ಬೆರಳು ಮಡಿಕೆ ಇರುವುದನ್ನು ಟೈಲರಮ್ಮನ ಉಗುರು ಕಂಡುಹಿಡಿಯಿತು. "ಇದು. ಮಡಿಕೆ ಬಿಚ್ಚಿದ್ರೆ ಪುಟ್ಟಿ ಕೈ." ಕೊರಳಿನ ಚೀಟಿಯಲ್ಲಿ ಮೂರು ದೇಶದ ಮೂರು ನಂಬರು ಸಾಲಾಗಿದ್ದವು. ಮನೆಗೆ ಬಂದು ತೋಳಿನ ಮಡಿಕೆ ಬಿಚ್ಚಿ ಹೊಲಿದ ಮೇಲೆ ಆ ಚೀಟಿಯನ್ನೂ ಕತ್ತರಿಯ ತುದಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆದಳು.

"ಅದ್ಯಾಕೆ ಕೀಳ್ತಿದೀಯ?" ಎಂದಳು ಮೊಮ್ಮಗಳು.

"ಟೈಲರಿಗೆ ನಂಬರ್ ಕಳಿಸಬಾರದು."

ಕಾಗದ ಒಂದೇ ಬೆಳಗಿನಲ್ಲಿ ಮುಗಿಯಿತು. ಹೇಗಿದ್ದೀ ಎಂಬ ಸಾಲಿನ ಮುಂದೆ ಪೆನ್ನು ಈಗ ನಿಲ್ಲಲಿಲ್ಲ. ನೂಲು ಮೆಷಿನ್ನಿಗೆ ಬಿದ್ದದ್ದು, ತಾನು ಕನ್ನಡಿಯ ಮುಂದೆ ಹೆದರಿದ್ದು, ನಾಲ್ವರೂ ಕಡಲೆಕಾಯಿ ತಿನ್ನುತ್ತ ನೂಲು ಕಾದದ್ದು ಎಲ್ಲವನ್ನೂ ಬರೆದಳು. ಕೊನೆಯ ಪುಟಕ್ಕೆ ಬಂದಾಗ ಅಕ್ಷರ ಸಣ್ಣದಾಯಿತು. "ಆ ನಲವತ್ತು ಯೂನಿಫಾರಂ ನೀನೊಬ್ಬಳೇ ಹೇಗೆ ಮುಗಿಸಿದೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಕೇಳಬೇಕಿತ್ತು. ನಿನ್ನ ಮಾತು ಫಲಿಸಿದೆ ಪುಟ್ಟಿ, ರೆಡಿಮೇಡ್ ಹಾಕಿಕೊಂಡೇ ಬದುಕುತ್ತಿದ್ದೇನೆ, ಒಂದೂ ಮೈಗೆ ಕೂಡುವುದಿಲ್ಲ. ಇದರ ಜೊತೆ ನನ್ನ ನೂಲು ಇಟ್ಟಿದ್ದೇನೆ. ನಿನಗೆ ಬಿಡುವಾದಾಗ ನನಗೊಂದು ರವಿಕೆ ಹೊಲಿದು ಕಳಿಸು. ಬಾಕಿ ಎಷ್ಟೇ ಇರಲಿ, ನನ್ನದನ್ನು ಕೊನೆಗೆ ಇಟ್ಟುಕೊ, ನಾನು ಕಾಯುತ್ತೇನೆ. ನೂಲನ್ನು ಒಗೆಯಬೇಡ."

ಕಾಗದವನ್ನೂ ನೂಲನ್ನೂ ಕೋಟಿನ ಒಳಜೇಬಿನಲ್ಲಿಟ್ಟು, ಬೀಳದ ಹಾಗೆ ಎರಡು ಟಾಕೆ ಹಾಕಿದಳು.

ಅಂಚೆ ಕಚೇರಿಗೆ ಟೈಲರಮ್ಮ ಮೊಮ್ಮಗಳ ಜೊತೆ ಹೋದಳು, ಸೊಸೆ ಪಾಳಿ ಮುಗಿಸಿ ನೇರ ಅಲ್ಲಿಗೇ ಬಂದಳು. ಕೌಂಟರಿನ ಗುಮಾಸ್ತ ಕೋಟು ನೋಡಿ, ಗೋಡೆಗೆ ಒರಗಿಸಿದ ರಟ್ಟಿನ ಪೆಟ್ಟಿಗೆಗಳ ಕಡೆ ಬೆರಳು ತೋರಿಸಿ ಏನೋ ಕೇಳಿದ.

"ಯಾವ ಸೈಜು ಅಂತಿದಾನೆ ಅಜ್ಜಿ. ಒಂದಾ, ಎರಡಾ, ಮೂರಾ?"

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕ ನಗುವಿಗೆ ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಗುಮಾಸ್ತನಿಗೆ ತಾನು ಏನಂದೆನೆಂದು ತಿಳಿಯಲಿಲ್ಲ. ಟೈಲರಮ್ಮ ಮಡಿಸಿದ ಕೋಟನ್ನು ಎತ್ತಿ ಒಂದೊಂದೇ ಪೆಟ್ಟಿಗೆಯಲ್ಲಿ ಇಟ್ಟು ನೋಡಿದಳು. ಎರಡನೆಯದರಲ್ಲಿ ಅದು ಮೂಲೆಗೆ ಮೂಲೆ ಕೂತಿತು. ಗುಮಾಸ್ತ ಅಂಟುಪಟ್ಟಿ ಎಳೆದ, ಮುದ್ರೆ ಒತ್ತಿದ, ಪೆಟ್ಟಿಗೆಯನ್ನು ಹಿಂದಿದ್ದ ತಳ್ಳುಗಾಡಿಗೆ ಹಾಕಿದ.

"ಹೋಗೋಣ್ವಾ ಅತ್ತೆ?"

"ತಾಳು." ತಳ್ಳುಗಾಡಿ ಒಳಬಾಗಿಲು ದಾಟುವವರೆಗೂ ಟೈಲರಮ್ಮ ನಿಂತು ನೋಡಿದಳು. ಆಮೇಲೆ ಕಿವಿ ದೂರದವರಿಗೆ ಹೇಳುವಷ್ಟು ಗಟ್ಟಿಯಾಗಿ ಅಂದಳು:

"ಹೋಗು ಪುಟ್ಟಿ, ರೆಡಿಮೇಡ್ ಹಾಕ್ಕೊಂಡು ಬೆಚ್ಚಗಿರು."